ಇಲಿಯ ಜೀವವೂ ಜೀವವೇ

ದೊಡ್ಡಬಳ್ಳಾಪುರದ ಭಕ್ತರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಅವರ ಮಗಳು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಇಲಿಗಳಿಗೆ ಕಬ್ಬಿಣದ ಆಕ್ಸೈಡಿನ ನ್ಯಾನೋಕಣಗಳನ್ನು ಚುಚ್ಚಿ ಎಂ.ಆರ್.ಐ. ಚಿತ್ರ ತೆಗೆಯುವ ಸಂಶೋಧನೆಯಲ್ಲಿದ್ದಾಳೆ. “ಸ್ವಾಮೀ, ಇದು ಹಿಂಸೆಯಲ್ಲವೇ?” ಎಂದು ಕೇಳಿದರು.

ಮೀಟರಿನ ನೂರು ಕೋಟಿಯಲ್ಲೊಂದು ಪಾಲೇ ನ್ಯಾನೋಮೀಟರು. ಅಂತಹ ಅಳತೆಯ ಈ ಕಣಗಳು ರಕ್ತದೊಡನೆ ಹರಿದು ಯಕೃತ್ತನ್ನು ಸೇರುತ್ತವೆ. ಅಲ್ಲಿನ ಭಕ್ಷಕಕೋಶಗಳು ಅವನ್ನು ನುಂಗುವುದರಿಂದ ಆರೋಗ್ಯವಾದ ಯಕೃತ್ತು ಚಿತ್ರದಲ್ಲಿ ಕಪ್ಪಾಗುತ್ತದೆ. ಆ ಕೋಶಗಳಿಲ್ಲದ ಕ್ಯಾನ್ಸರ್ ಗಡ್ಡೆ ಬೆಳ್ಳಗೆ ಎದ್ದುಕಾಣುತ್ತದೆ. ಬಳಿಕ ಆ ಕಬ್ಬಿಣವು ಕ್ರಮೇಣ ದೇಹದ ಕಬ್ಬಿಣದಲ್ಲಿಯೇ ಬೆರೆಯುತ್ತದೆ. 1996ರಲ್ಲಿ ಅಮೆರಿಕದಲ್ಲಿ ಇಂತಹ ಕಣಗಳಿಗೆ ಮನುಷ್ಯರ ಯಕೃತ್ತಿನ ಪರೀಕ್ಷೆಗೂ ಅನುಮತಿ ದೊರೆಯಿತು.

ಹಿಂದೆ ಗಡ್ಡೆಯ ಬೆಳವಣಿಗೆಯನ್ನರಿಯಲು ಹಂತಹಂತಕ್ಕೂ ಕೆಲವು ಇಲಿಗಳನ್ನು ಕೊಂದು ಸೀಳಿ ನೋಡಬೇಕಿತ್ತು. ಈಗ ಅರಿವಳಿಕೆ ಕೊಟ್ಟು ಒಂದೇ ಇಲಿಯನ್ನು ಮತ್ತೆ ಮತ್ತೆ ನೋಡಬಹುದು. ಬಲಿಯಾಗುವ ಜೀವಗಳು ಕಡಿಮೆ. ಆದರೂ ಹಿಂಸೆಯಿಲ್ಲವೆಂದು ನಾವು ಹೇಳಲಾರೆವು. ಆ ಗಡ್ಡೆಯನ್ನು ಬೆಳೆಸಿದವನೂ ಮನುಷ್ಯನೇ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯು ಪ್ರಯೋಗವನ್ನು ನಿಷೇಧಿಸಿಲ್ಲ. ಅನಗತ್ಯವಾದ ನೋವು ಕೂಡದೆಂದಿದೆ.

“ಮಗಳಿಗೆ ಕೆಲಸ ಬಿಡಿಸಬೇಡಿ,” ಎಂದೆವು. “ಒಂದು ಇಲಿಯಿಂದ ತಿಳಿಯುವುದಾದರೆ ಎರಡನೆಯದನ್ನು ಮುಟ್ಟಬಾರದೆಂದು ಮಾತ್ರ ಹೇಳಿ.”