ವಸಂತದಲ್ಲಿ ಮೂಡಲಸೀಮೆಯ ಯಾತ್ರೆ

ಚೈತ್ರಮಾಸವು ಬಂದಿತೆಂದರೆ ಗೃಹಸ್ಥರ ಮನಸ್ಸು ಪ್ರಯಾಣದ ಕಡೆಗೆ ಹರಿಯುವುದು ಸಹಜ. ಮಕ್ಕಳ ಪರೀಕ್ಷೆಗಳು ಮುಗಿಯುತ್ತ ಬಂದಿರುತ್ತವೆ. ಬೇವು ಹೂ ಬಿಟ್ಟಿರುತ್ತದೆ. ಯುಗಾದಿಗೆ ಬಂದ ಬಂಧುಗಳು ಇನ್ನೂ ಹೊರಟಿರುವುದಿಲ್ಲ. ಆಗ ಹಂಪೆಯ ಮಾತು, ಕಾಶಿಯ ಮಾತು ಬರುವುದು. ಖರ್ಚಿನ ಲೆಕ್ಕವಾದ ಮೇಲೆ ಆ ಮಾತು ಮುಂದಿನ ವರ್ಷಕ್ಕೆ ಹೋಗುವುದು. ಅಂಥ ಸಂಸಾರಗಳಿಗೆ ನಾವು ಸೂಚಿಸುವುದು ಎರಡೇ ದಿನದ ಯಾತ್ರೆ: ಮಾಸ್ತಿಯಿಂದ ಮಾಲೂರಿನ ಮೇಲೆ ಕೋಲಾರ, ಅಲ್ಲಿಂದ ಮುಳಬಾಗಿಲು, ಆವಣಿ, ಕುರುಡುಮಲೆ.

ಈ ಯಾತ್ರೆಗೆ ಪುಣ್ಯಸಂಪಾದನೆಯಲ್ಲದೆ ಮತ್ತೊಂದು ಪ್ರಯೋಜನವುಂಟು. ನಮ್ಮ ಕಡೆ ಹೆಸರಿನ ಮುಂದೆ ಊರಿನ ಮೊದಲಕ್ಷರವನ್ನು ಇಡುವ ಪದ್ಧತಿಯಷ್ಟೆ. ಬೆಂಗಳೂರಿನಲ್ಲಿ ಬೆಳೆಯುತ್ತಿರುವ ನಮ್ಮ ಮೊಮ್ಮಗನು, “ತಾತ, ನನ್ನ ಹೆಸರಿನ ಮುಂದೆ ‘ಎಂ’ ಅಂತ ಇದೆಯಲ್ಲ, ಅದು ಯಾರ ಹೆಸರು?” ಎಂದು ಕೇಳಿದನು. ಊರಿನದೆಂದು ಹೇಳಲು, “ಆ ಕಡೆ ನೋಡುವುದಕ್ಕೆ ಏನಿದೆ?” ಎಂದನು. ಬಾಯಿಮಾತಿನ ಉತ್ತರ ಸಾಲದೆಂದು ತೋರಿ, ಈ ಯುಗಾದಿಯ ಮರುದಿನ ಅವನನ್ನೂ ಮನೆಯವರನ್ನೂ ಕರೆದುಕೊಂಡು ಹೊರಟೆವು.

ಮೊದಲ ಉತ್ತರವು ಹೊರಡುವಾಗಲೇ ದೊರೆಯಿತು. 1891ರಲ್ಲಿ ಹೊಂಗೇನಹಳ್ಳಿಯಲ್ಲಿ ಹುಟ್ಟಿದ ವೆಂಕಟೇಶ ಅಯ್ಯಂಗಾರ್ಯರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂದಾಗ ದೇಶವೆಲ್ಲ ಉಚ್ಚರಿಸಿದ್ದು ‘ಮಾಸ್ತಿ’ ಎಂಬ ಎರಡೇ ಅಕ್ಷರಗಳನ್ನು.

ಕೋಲಾರವು ಈಗ ಅನೇಕರಿಗೆ ಬಸ್ಸು ನಿಲ್ಲುವ ಊರು ಮಾತ್ರ. ಆದರೆ ಗಂಗರ ಮೊದಲ ರಾಜಧಾನಿಯಾದ ಕುವಳಾಲಪುರವು ಇದೇ. ರಾಜಧಾನಿಯು ತಲಕಾಡಿಗೆ ಹೋದ ಮೇಲೂ ಆ ಅರಸರು ಶತಮಾನಗಳ ಕಾಲ ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಊರನ್ನು ಬಿಟ್ಟರೂ ಊರಿನ ಹೆಸರನ್ನು ಬಿಡದಿರುವ ಪದ್ಧತಿಯು ಹೀಗೆ ಬಹಳ ಹಳೆಯದು. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಸೋಮೇಶ್ವರನ ಗುಡಿಯಲ್ಲಿ ವಿಜಯನಗರದ ಕಾಲದ ಕಂಬಗಳ ಕೆಲಸವನ್ನು ನೋಡಬೇಕು. ಹೈದರಾಲಿಯ ತಂದೆ ಫತೇ ಮಹಮ್ಮದನ ಸಮಾಧಿಯೂ ಈ ಊರಿನಲ್ಲಿಯೇ ಇದೆ. ಬಿಸಿಲು ಏರಿದ ಮೇಲೆ ಮಂಟಪದ ನೆರಳಿನಲ್ಲಿ ಬುತ್ತಿಯನ್ನು ಬಿಚ್ಚಿ, ಇಳಿಹೊತ್ತಿನಲ್ಲಿ ಶತಶೃಂಗ ಪರ್ವತದ ಅಂತರಗಂಗೆಗೆ ಹತ್ತುವುದು ಉಚಿತ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ನೀರನ್ನು ಕಂಡರೆ ನಮ್ಮ ಹಿರಿಯರು ಅದಕ್ಕೆ ಗಂಗೆಯೆಂದು ಏಕೆ ಹೆಸರಿಟ್ಟರೆಂಬುದು ತಿಳಿಯುವುದು.

ಎರಡನೆಯ ದಿನ ಮುಳಬಾಗಿಲು. ಇದು ವಿಜಯನಗರದ ಮೂಡಲ ಬಾಗಿಲೆಂದು ಹೇಳುವರು. ಬುಕ್ಕರಾಯನ ಮಗನಾದ ಕಂಪಣನು ಈ ಪ್ರಾಂತ್ಯವನ್ನು ಆಳುತ್ತಿದ್ದು, ಇಲ್ಲಿಂದ ದಕ್ಷಿಣಕ್ಕೆ ದಂಡೆತ್ತಿ 1371ರ ಸುಮಾರಿಗೆ ಮಧುರೆಯನ್ನು ಗೆದ್ದನು. ಅದನ್ನು ‘ಮಧುರಾವಿಜಯ’ವೆಂಬ ಸಂಸ್ಕೃತ ಕಾವ್ಯವಾಗಿ ಬರೆದವಳು ಅವನ ಪತ್ನಿ ಗಂಗಾದೇವಿ. ಆ ಕಾವ್ಯದಲ್ಲಿ ಬರುವ ‘ಕಂಟಕಾನನ’ವು ಮುಳಬಾಗಿಲೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ಒಂದು ಓಲೆಯ ಪ್ರತಿ ತಿರುವನಂತಪುರದಲ್ಲಿ ದೊರೆತು 1916ರಲ್ಲಿ ಅಚ್ಚಾಯಿತು. ನಡುನಡುವೆ ಅದರ ಭಾಗಗಳು ಲುಪ್ತವಾಗಿವೆ. ಆದರೂ ಗಂಡನ ಕತ್ತಿಗಿಂತ ಹೆಂಡತಿಯ ಲೇಖನಿಯೇ ಹೆಚ್ಚು ಬಾಳಿತು. ಇದನ್ನು ಮನೆಯ ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳಬೇಕು. ಸಮೀಪದ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ವ್ಯಾಸರಾಯರಿಗೆ ಗುರುಗಳಾಗಿದ್ದ ಈ ಯತಿಗಳು ದೇವರ ಪದಗಳನ್ನು ತಿಳಿಗನ್ನಡದಲ್ಲಿ ಹಾಡಿದರು. ಡಿ. ವಿ. ಗುಂಡಪ್ಪನವರು 1887ರಲ್ಲಿ ಜನಿಸಿದ್ದೂ ಈ ಊರಿನಲ್ಲಿಯೇ.

ಆವಣಿಯು ವಾಲ್ಮೀಕಿಗಳ ಆಶ್ರಮವೆಂದೂ ಲವಕುಶರ ಜನ್ಮಸ್ಥಳವೆಂದೂ ಪ್ರತೀತಿ. ಬೆಟ್ಟದ ಮೇಲೆ ಸೀತಮ್ಮನ ಗುಡಿ. ಕೆಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳ ಆಲಯಗಳು. ಇಲ್ಲಿ 10ನೆಯ ಶತಮಾನದಲ್ಲಿದ್ದ ತ್ರಿಭುವನಕರ್ತನೆಂಬ ತಪಸ್ವಿಯು 40 ವರ್ಷ ಸ್ಥಾನವನ್ನು ನಡೆಸಿ, 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು ಶಾಸನವು ಸಾರುತ್ತದೆ. ಗುಡಿಯೊಡನೆ ಕೆರೆಯನ್ನೂ ಎಣಿಸಿದ ಆ ದೃಷ್ಟಿಯು ಈಗಲೂ ನಮಗೆ ಬೇಕು. ಕುರುಡುಮಲೆಯ ಏಕಶಿಲೆಯ ಗಣಪತಿಯು ಎರಡಾಳೆತ್ತರ. ಯಾತ್ರೆಯನ್ನು ಅಲ್ಲಿ ಮುಗಿಸಬಹುದು.

ಹೊರಡುವವರಿಗೆ ಎರಡು ಮಾತು. ಸೂರ್ಯೋದಯಕ್ಕೆ ಮುಂಚೆ ಹೊರಡಿರಿ, ನೀರುಮಜ್ಜಿಗೆ ಧಾರಾಳವಾಗಿರಲಿ, ನಡುಹಗಲಿನಲ್ಲಿ ವೃದ್ಧರನ್ನೂ ಮಕ್ಕಳನ್ನೂ ಬೆಟ್ಟ ಹತ್ತಿಸಬೇಡಿರಿ. ಬಂಡೆಗಳ ಮೇಲೆ ಇದ್ದಲಿನಿಂದ ಹೆಸರು ಬರೆಯುವ ಚಾಳಿಯನ್ನು ಮಕ್ಕಳಿಗೆ ಕಲಿಸಬೇಡಿರಿ. ಅವರ ಕೈಗೊಂದು ನೋಟುಪುಸ್ತಕವನ್ನು ಕೊಟ್ಟು, ಕಂಡದ್ದನ್ನು ದಿನಕ್ಕೆ ಹತ್ತು ಸಾಲು ಬರೆಯಹೇಳಿರಿ. ನಮ್ಮ ಮಕ್ಕಳು ಉದ್ಯೋಗಕ್ಕಾಗಿ ಊರು ಬಿಡುವುದನ್ನು ನಾವು ತಡೆಯಲಾರೆವು, ತಡೆಯಲೂ ಬಾರದು. ಆದರೆ ಅವರು ಹೆಸರಿನ ಮುಂದೆ ಹೊತ್ತುಕೊಂಡು ಹೋಗುವ ಒಂದಕ್ಷರಕ್ಕೆ ಅರ್ಥವನ್ನು ತುಂಬಿ ಕಳುಹಿಸುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಎರಡು ದಿನ ಸಾಕು.