ಮಂಜುಗಡ್ಡೆಯ ಕೆರೆ, ತಾಯಿಯ ಅಂಜಿಕೆ



ಈ ಸಲ ಬಂದ ಓಲೆಗಳಲ್ಲಿ ಕೆಂಗೇರಿಯ ಸೋದರಿಯೊಬ್ಬರದು ತುಸು ಬೇರೆ ತೆರನಾದದ್ದು. ಅವರ ಮಗಳು-ಅಳಿಯ ಅಮೆರಿಕದ ಮಿನ್ನೆಸೋಟದಲ್ಲಿದ್ದಾರೆ. “ಭಾನುವಾರ ಫೋನಿನಲ್ಲಿ ಮುಖ ತೋರಿಸಿದರು. ಕೆರೆಯ ನಟ್ಟನಡುವೆ ಸ್ಟೂಲು ಹಾಕ್ಕೊಂಡು ಕೂತಿದ್ದಾರೆ! ನೀರೆಲ್ಲ ಗಟ್ಟಿಯಾಗಿದೆ ಅಮ್ಮಾ, ತೂತು ಕೊರೆದು ಮೀನು ಹಿಡೀತಿದೀವಿ ಅಂತ ಮಗಳು ನಗ್ತಾಳೆ. ಐದು ವರ್ಷದ ಮೊಮ್ಮಗನೂ ಜೊತೆಗಿದ್ದಾನೆ. ನನಗೆ ರಾತ್ರಿ ನಿದ್ದೆ ಬರೋಲ್ಲ. ಹೋಗಬೇಡಿ ಅನ್ನಲೇ? ಅಂದರೆ ಅಳಿಯಂದಿರು ಏನಂದುಕೊಂಡಾರು?” ಎಂದು ಕೇಳಿದ್ದಾರೆ.

ನಿಮ್ಮ ಅಂಜಿಕೆ ಸಹಜವೇ, ಸೋದರಿ. ನಮ್ಮ ಕೆಂಗೇರಿ ಕೆರೆಯ ಮೇಲೆ ಮಾಗಿಯ ಬೆಳಗಿನಲ್ಲಿ ಮಂಜು ಹಬೆಯ ಹಾಗೆ ಏಳುತ್ತದೆ, ಅಷ್ಟೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಮಿನ್ನೆಸೋಟದಲ್ಲೋ ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಪರೂಪವೇನಲ್ಲ. ಅಲ್ಲಿ ಗಡ್ಡೆಕಟ್ಟಿದ ಕೆರೆಯ ಮೇಲೆ ಮೀನು ಹಿಡಿಯುವುದು ನಮ್ಮಲ್ಲಿ ಜಾತ್ರೆಗೆ ಹೋದಷ್ಟೇ ವಾಡಿಕೆ.

ಹಾಗಾದರೆ ಕೆರೆ ತಳದವರೆಗೂ ಗಡ್ಡೆಯೇ? ಅಲ್ಲ. ನೀರು 4 ಡಿಗ್ರಿಯಲ್ಲಿ ಅತಿ ಭಾರವಾಗಿರುತ್ತದೆ. ಆ ನೀರು ತಳಕ್ಕೆ ಇಳಿಯುತ್ತದೆ. ಅದಕ್ಕಿಂತ ತಣ್ಣಗಾದದ್ದು ಹಗುರವಾಗಿ ಮೇಲೆ ಉಳಿದು ಗಡ್ಡೆಯಾಗುತ್ತದೆ. ಮೇಲಿನ ಗಡ್ಡೆ ಮುಚ್ಚಳದ ಹಾಗೆ, ಕೆಳಗೆ ಮೀನು ಬದುಕಿಯೇ ಇರುತ್ತವೆ. ಆದರೆ ಚಳಿಗೆ ಅವಕ್ಕೂ ಸೋಮಾರಿತನ. ಹೆಚ್ಚು ಓಡಾಡುವುದಿಲ್ಲ, ಹೆಚ್ಚು ತಿನ್ನುವುದಿಲ್ಲ. ಅದಕ್ಕೇ ದೊಡ್ಡ ಬೈರಿಗೆಯಿಂದ ತೂತು ಕೊರೆದು, ಬೋಂಡ ತೆಗೆಯುವ ಜಾಲರಿ ಸೌಟಿನಂಥದರಲ್ಲಿ ಐಸು ಚೂರುಗಳನ್ನು ಎತ್ತಿಹಾಕಿ, ಮೊಳದುದ್ದದ ಕೋಲಿನಿಂದ ಪುಟ್ಟ ಗಾಳವನ್ನು ತಳದ ಹತ್ತಿರಕ್ಕೆ ಬಿಡುತ್ತಾರೆ. ಆಗಾಗ ಮೆಲ್ಲಗೆ ಕುಣಿಸಿ ಸುಮ್ಮನಿರುತ್ತಾರೆ. ವಾಲ್‌ಐ ಎಂಬ ಮೀನು ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಚೆನ್ನಾಗಿ ಕಚ್ಚುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ. “ಹೋಗಬೇಡಿ” ಅಂದರೆ ಅವರು ಹೋಗುವುದನ್ನು ಬಿಡುವುದಿಲ್ಲ, ನಿಮಗೆ ಹೇಳುವುದನ್ನು ಬಿಡುತ್ತಾರೆ. ಅದರ ಬದಲು ಈ ಪ್ರಶ್ನೆಗಳನ್ನು ಕೇಳಿ.

ಗಡ್ಡೆ ಎಷ್ಟು ದಪ್ಪ? ನಡೆದು ಹೋಗಲು ತಿಳಿಯಾದ ಹೊಸ ಗಡ್ಡೆ ಕಡಿಮೆಯೆಂದರೂ 4 ಅಂಗುಲ ಬೇಕು. ಸಣ್ಣ ಕಾರಿಗೆ 9ರಿಂದ 10 ಅಂಗುಲ. ಹಾಲಿನಂತೆ ಬೆಳ್ಳಗಿರುವ ಗಡ್ಡೆಗೆ ಬಲ ಕಡಿಮೆ, ಅದು ಇದರ ಎರಡರಷ್ಟು ಇರಬೇಕು. ಒಂದು ಕಡೆ ಅಳೆದರೆ ಸಾಲದು. ಮುಂದೆ ಹೋದ ಹಾಗೆಲ್ಲ ಮತ್ತೆ ಮತ್ತೆ ಕೊರೆದು ಅಳೆಯಬೇಕು. ತೊರೆ ಬಂದು ಸೇರುವ ಕಡೆ, ಒರತೆಯಿರುವ ಕಡೆ, ಸೇತುವೆಯ ಕೆಳಗೆ ಗಡ್ಡೆ ತೆಳುವಾಗಿರುತ್ತದೆ. ಮೇಲೆ ಹಿಮ ಬಿದ್ದಿದ್ದರೆ ಅದು ಕಂಬಳಿ ಹೊದಿಸಿದಂತೆ. ಅಡಿಯಲ್ಲಿ ಗಡ್ಡೆ ಬೇಗ ಬಲಿಯುವುದಿಲ್ಲ.

ಕೊರಳಲ್ಲಿ ಮೊಳೆ ಇದೆಯೇ? ಎರಡು ಮರದ ಹಿಡಿಗಳಿಗೆ ಚೂಪು ಮೊಳೆ ಕೂರಿಸಿ, ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಾರೆ. ಅಕಸ್ಮಾತ್ ಒಳಗೆ ಬಿದ್ದರೆ ಬಂದ ದಿಕ್ಕಿಗೇ ತಿರುಗಿ, ಮೊಳೆಯನ್ನು ಗಡ್ಡೆಗೆ ನಾಟಿ, ಕಾಲು ಬಡಿದು ಮೇಲೆ ಬರಬೇಕು. ಬಂದ ಮೇಲೆ ಎದ್ದು ನಿಲ್ಲದೆ ಉರುಳಿಕೊಂಡೇ ದೂರ ಸರಿಯಬೇಕು. ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ತಂದುಕೊಳ್ಳಲು, ಆಮೇಲೆ ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ. ಹಾಗಾಗಿ ಗಾಬರಿ ಬೇಡ, ತಡವೂ ಬೇಡ. ಮಗುವಿಗಂತೂ ನಡೆಯುವಾಗ ತೇಲುವ ಜಾಕೆಟ್ ಹಾಕಲೇಬೇಕು.

ಮೈಗೆ ಯಾವ ಬಟ್ಟೆ? ನಮಗೆ ಹತ್ತಿಯೇ ಹಿತ. ಅಲ್ಲಿ ಹತ್ತಿ ಬೆವರಿಗೆ ಒದ್ದೆಯಾದರೆ ಮೈಗೆ ಅಂಟಿಕೊಂಡು ಚಳಿ ಏರಿಸುತ್ತದೆ. ಒಳಗೆ ಉಣ್ಣೆ ಬೇಕು. ಬದಲಿಸಲು ಒಂದು ಜೊತೆ ಬಟ್ಟೆ ಕಾರಿನಲ್ಲಿರಲಿ.

ಡೇರೆಯೊಳಗೆ ಒಲೆ ಹಚ್ಚುತ್ತಾರೆಯೇ? ಸೋದರಿಯರೇ, ಇದನ್ನು ಇಲ್ಲಿರುವವರೂ ಗಮನಿಸಿ. ಮುಚ್ಚಿದ ಜಾಗದಲ್ಲಿ ಉರಿಸಿದ ಒಲೆಯಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು, ಆಮೇಲೆ ಪ್ರಾಣಕ್ಕೇ ಸಂಚಕಾರ. ಚಳಿಯೆಂದು ಕಿಟಕಿ-ಬಾಗಿಲು ಜಡಿದು ಕೋಣೆಯೊಳಗೆ ಇದ್ದಿಲ ಕೆಂಡ ಇಟ್ಟುಕೊಂಡು ಮಲಗುವ ನಮ್ಮ ಮನೆಗಳಿಗೂ ಅಪಾಯ ಇದೇ. ಗಾಳಿಯಾಡಲು ಕಂಡಿ ಇರಲೇಬೇಕು.

ಹಿಡಿದ ಮೀನಿನ ವಿಷಯ. ವಾಲ್‌ಐ ಬೆಳ್ಳಗಿನ, ಸಪ್ಪೆ ರುಚಿಯ ಮೀನು. ಖಾರದ ಪುಡಿ, ಅರಿಶಿನ, ಉಪ್ಪು, ನಿಂಬೆರಸ ಸವರಿ ಅರ್ಧ ಗಂಟೆ ಬಿಟ್ಟು, ಚಿರೋಟಿ ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಕೆಂಪಗೆ ಹುರಿಯಲು ಮಗಳಿಗೆ ಹೇಳಿ. ಆದರೆ ಬೇರೆ ಮೀನನ್ನು ತಿಂದು ಬೆಳೆಯುವ ದೊಡ್ಡ ಮೀನುಗಳಲ್ಲಿ ಪಾದರಸ ಸೇರಿಕೊಳ್ಳುತ್ತದೆ. ಗರ್ಭಿಣಿಯರು, ಮಕ್ಕಳು ಯಾವ ಮೀನು ಎಷ್ಟು ತಿನ್ನಬಹುದೆಂದು ಮಿನ್ನೆಸೋಟದ ಆರೋಗ್ಯ ಇಲಾಖೆಯೇ ಸಲಹೆ ಕೊಡುತ್ತದೆ, ಅದನ್ನು ನೋಡಿಕೊಳ್ಳಲಿ. ಇಲ್ಲಿಯೂ ಅಷ್ಟೇ, ಚರಂಡಿ ನೀರು ಸೇರುವ ಕೆರೆಯ ಮೀನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ.

ಮುಂದಿನ ಭಾನುವಾರ ಫೋನು ಬಂದಾಗ, ಸೋದರಿ, “ಅಯ್ಯೋ” ಅನ್ನುವ ಮೊದಲು “ಎಷ್ಟು ಅಂಗುಲ ಅಳೆದಿರಿ?” ಎಂದು ಕೇಳಿ. ಅಳಿಯಂದಿರೇ ಮುಂದೆ ಬಂದು ಲೆಕ್ಕ ಒಪ್ಪಿಸುತ್ತಾರೆ. ಉತ್ತರ ತಡವರಿಸಿತೋ, ಆಗ ತಾಯಿಯ ಅಧಿಕಾರದಿಂದ ದಡಕ್ಕೆ ಬರಲು ಹೇಳಿ. ಅದಕ್ಕೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.