ರತ್ನಗಳೇ ಅರ್ಜಿ ಹಿಡಿದು ನಿಲ್ಲಬೇಕೆ?

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದ ಮನು ಭಾಕರ್ ಹೆಸರು 2024ರ ಡಿಸೆಂಬರ್‌ನಲ್ಲಿ ಹೊರಬಿದ್ದ ಖೇಲ್ ರತ್ನ ಶಿಫಾರಸಿನಲ್ಲಿ ಇರಲಿಲ್ಲ. ಸ್ವತಂತ್ರ ಭಾರತದವರೊಬ್ಬರು ಒಂದೇ ಒಲಿಂಪಿಕ್ಸ್‌ನಲ್ಲಿ ಎರಡು ಪದಕ ಗೆದ್ದದ್ದು ಅದೇ ಮೊದಲು. ಗದ್ದಲವೆದ್ದಿತು. ಅರ್ಜಿಯೇ ಬಂದಿಲ್ಲ ಎಂಬ ಮಾತು ಅಧಿಕಾರಿಗಳ ಕಡೆಯಿಂದ, ಹಾಕಿದ್ದೇವೆ ಎಂಬ ಮಾತು ಮನೆಯವರಿಂದ. ಕೊನೆಗೆ ಮನು ಅವರೇ, ಅರ್ಜಿ ತುಂಬುವಾಗ ಬಹುಶಃ ತಮ್ಮಿಂದಲೇ ಲೋಪವಾಗಿರಬಹುದು ಎಂದು ಹೇಳಬೇಕಾಯಿತು. 2025ರ ಜನವರಿಯಲ್ಲಿ ಪ್ರಶಸ್ತಿ ಅವರ ಕೈಸೇರಿತು; ಗದ್ದಲವೂ ತಣ್ಣಗಾಯಿತು. ತಣ್ಣಗಾಗಬಾರದಿತ್ತು.

ಇಡೀ ದೇಶ ಟಿವಿಯಲ್ಲಿ ಕಣ್ಣಾರೆ ಕಂಡ ಪದಕಕ್ಕೆ ಅರ್ಜಿ ಯಾಕೆ? ಪಡಿತರ ಚೀಟಿಗೆ ಅರ್ಜಿ ಹಾಕಿಸಿಕೊಳ್ಳುವ ಸರ್ಕಾರ ರತ್ನಕ್ಕೂ ಅದನ್ನೇ ಕೇಳಿದರೆ ಅದು ಸನ್ಮಾನವಲ್ಲ, ಸವಲತ್ತು.

ಪ್ರತಿ ಆಗಸ್ಟ್ 29ಕ್ಕೆ ನಮ್ಮಲ್ಲಿ ಇನ್ನೊಂದು ಕೂಗು ಏಳುತ್ತದೆ: ಧ್ಯಾನ್‌ಚಂದ್‌ಗೆ ಭಾರತ ರತ್ನ ಕೊಡಿ. 1928, 1932, 1936, ಮೂರು ಒಲಿಂಪಿಕ್ಸ್‌ಗಳ ಚಿನ್ನ. ಕೊಟ್ಟರೆ ಯಾರ ತಕರಾರೂ ಇರದು. ಕ್ರೀಡಾಪಟುಗಳಲ್ಲಿ ಈವರೆಗೆ ಅದು ಸಿಕ್ಕಿರುವುದು ಸಚಿನ್ ತೆಂಡೂಲ್ಕರ್‌ಗೆ ಮಾತ್ರ, 2014ರಲ್ಲಿ. ಸಚಿನ್ ಅರ್ಹರೇ, ಅವರನ್ನು ಎಳೆದು ತಂದು ಕ್ರಿಕೆಟ್ಟನ್ನು ಬೈಯುವುದು ಸೋಮಾರಿಗಳ ಕೆಲಸ. ಆದರೆ ಧ್ಯಾನ್‌ಚಂದ್ ಅವರನ್ನು ದೇಶ ಮರೆತಿಲ್ಲ. ಅವರ ಜನ್ಮದಿನವೇ ರಾಷ್ಟ್ರೀಯ ಕ್ರೀಡಾ ದಿನ, ದೆಹಲಿಯಲ್ಲಿ ಅವರ ಹೆಸರಿನ ಕ್ರೀಡಾಂಗಣ, 2021ರಿಂದ ಖೇಲ್ ರತ್ನಕ್ಕೂ ಅವರದೇ ಹೆಸರು. ಮರೆತಿರುವುದು ಬೇರೆಯವರನ್ನು.

ಖಾಶಾಬಾ ಜಾಧವ್ ಅವರನ್ನೇ ನೋಡಿ. ಸತಾರಾ ಜಿಲ್ಲೆಯ ಗೋಳೇಶ್ವರದ ಪೈಲ್ವಾನ. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಕೈಯಲ್ಲಿ ಕಾಸಿರಲಿಲ್ಲ. ಊರವರು ಚಂದಾ ಎತ್ತಿದರು, ಅವರು ಓದಿದ ಕಾಲೇಜಿನ ಪ್ರಾಂಶುಪಾಲರು ಸ್ವಂತ ಮನೆಯನ್ನೇ ಅಡವಿಟ್ಟರು. ಅಲ್ಲಿ ಕುಸ್ತಿಯಲ್ಲಿ ಗೆದ್ದ ಕಂಚು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ವಾಪಸು ಬಂದಾಗ ಜನ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳಲ್ಲಿ ಮೆರವಣಿಗೆ ಮಾಡಿ ಊರಿಗೆ ಕರೆತಂದರು. ಗಮನಿಸಿ, ಜನ ಅರ್ಜಿ ಕೇಳಲಿಲ್ಲ. ಅಂಥ ಇನ್ನೊಂದು ಪದಕಕ್ಕೆ ದೇಶ 1996ರಲ್ಲಿ ಲಿಯಾಂಡರ್ ಪೇಸ್ ಗೆಲ್ಲುವವರೆಗೆ, 44 ವರ್ಷ ಕಾಯಬೇಕಾಯಿತು. ಅರ್ಜುನ ಪ್ರಶಸ್ತಿ ಶುರುವಾದದ್ದು 1961ರಲ್ಲಿ. ಜಾಧವ್ 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ನಡುವಿನ 23 ವರ್ಷ ಸರ್ಕಾರಕ್ಕೆ ಅವರ ನೆನಪಾಗಲಿಲ್ಲ. ಅರ್ಜುನ ಬಂದದ್ದು ಮರಣೋತ್ತರವಾಗಿ, 2000ನೇ ಸಾಲಿನಲ್ಲಿ. ಬದುಕಿದ್ದಾಗ ಪದ್ಮ ಪ್ರಶಸ್ತಿಯೂ ಇಲ್ಲ.

ಮುರಳೀಕಾಂತ್ ಪೇಟ್ಕರ್ ಅವರದೂ ಇದೇ ಕಥೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ, 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದರು. ಪದ್ಮಶ್ರೀ ಸಿಕ್ಕಿದ್ದು 2018ರಲ್ಲಿ. ಅವರು ಅಷ್ಟು ಕಾಲ ಬದುಕಿದ್ದು ನಮ್ಮ ಪುಣ್ಯ.

ಅರ್ಜಿ ಇಲ್ಲದಿದ್ದರೆ ಸಾವಿರಾರು ಆಟಗಾರರಲ್ಲಿ ಅರ್ಹರನ್ನು ಹುಡುಕುವುದು ಹೇಗೆ ಎಂಬ ವಾದವಿದೆ. ಹುಡುಕುವುದಕ್ಕೇ ಅಲ್ಲವೇ ಸಮಿತಿ ಇರುವುದು? ಒಲಿಂಪಿಕ್ಸ್, ಏಷ್ಯಾಡ್, ವಿಶ್ವ ಚಾಂಪಿಯನ್‌ಷಿಪ್‌ಗಳ ಫಲಿತಾಂಶ ಗುಟ್ಟಿನ ಕಡತದಲ್ಲೇನೂ ಇಲ್ಲ. ಫೆಡರೇಷನ್‌ಗಳಿಗೆ ಸರ್ಕಾರದ ದುಡ್ಡು ಹೋಗುತ್ತದೆ, ಪಟ್ಟಿ ಕೊಡುವುದು ಅವುಗಳ ಹೊಣೆಯಾಗಲಿ. ಅರ್ಜಿ ಪದ್ಧತಿಯಿಂದ ಏಟು ಬೀಳುವುದು ಇಂಗ್ಲಿಷ್ ಬಲ್ಲ, ಮ್ಯಾನೇಜರ್ ಇಟ್ಟುಕೊಂಡ ತಾರೆಗೆ ಅಲ್ಲ. ಕಾರ್ಕಳದ ಕಡೆಯಿಂದ ಬಂದು 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಕಬಡ್ಡಿ ಚಿನ್ನ ಗೆದ್ದ ಮಮತಾ ಪೂಜಾರಿಯವರಿಗೆ ಅರ್ಜುನ ಸಿಕ್ಕಿತು, ಸಂತೋಷ. ಆದರೆ ಕಬಡ್ಡಿ, ಖೋ ಖೋ, ಬಿಲ್ಲುಗಾರಿಕೆಯಲ್ಲಿ ಹಳ್ಳಿಯಿಂದ ಮೇಲೆ ಬಂದವರೆಲ್ಲರಿಗೂ ಪೋರ್ಟಲ್ ತೆರೆದು ತಮ್ಮ ಹೊಗಳಿಕೆಯನ್ನು ತಾವೇ ಟೈಪ್ ಮಾಡುವ ಜಾಣತನ ಇರುತ್ತದೆಯೇ? ಸಂಕೋಚ ನಮ್ಮ ಊರುಗಳಲ್ಲಿ ಇನ್ನೂ ಸತ್ತಿಲ್ಲ.

ಕ್ರೀಡಾ ಸಚಿವಾಲಯ ಮುಂದಿನ ಸುತ್ತಿನ ಅಧಿಸೂಚನೆ ಹೊರಡಿಸುವ ಮೊದಲು ಈ ಅರ್ಜಿ ನಮೂನೆಯನ್ನು ಕಿತ್ತು ಹಾಕಲಿ.